ಹಲಗೆ ಮೇಲಿನ ಆ ಸಾಲು ಅಳಿಸಲಾರೆ: ಕೊಪ್ಪಳ ಜಿಲ್ಲಾಧಿಕಾರಿಗಳಿಗೆ ಗೊಬ್ಬರದ ಅಂಗಡಿಯವನೊಬ್ಬನ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಕೊಪ್ಪಳ ಜಿಲ್ಲೆ
ಹಾಗೂ ಜಿಲ್ಲೆಯ ಬೀಜ, ಗೊಬ್ಬರ, ಕೀಟನಾಶಕ ವ್ಯಾಪಾರಿ ಬಂಧುಗಳಿಗೆ

ವಿಷಯ: ಗೊಬ್ಬರದ ಜೊತೆ ಒತ್ತಾಯವಾಗಿ ಬರುವ ಲಿಂಕ್ ಸಾಮಾನಿನ ಬಗ್ಗೆ ರೈತರಿಗೆ ನಿಜ ಹೇಳುವ ವ್ಯಾಪಾರಿಯ ಹಕ್ಕನ್ನು ಕಾಪಾಡುವ ಕುರಿತು.

ಮಾನ್ಯರೇ,

ನಾನು ಯಲಬುರ್ಗಾ ತಾಲ್ಲೂಕಿನ ಒಂದು ಊರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿರುವವನು. ನಮ್ಮ ತಂದೆಯವರ ಕಾಲದಿಂದ ಬಂದ ಅಂಗಡಿ ಇದು. ಸುತ್ತಲಿನ ಎರಿ (ಕಪ್ಪು ಮಣ್ಣಿನ) ಹೊಲದವರು, ಮಸಾರಿ (ಕೆಂಪು ಮಣ್ಣಿನ) ಹೊಲದವರು ನನ್ನ ಗಿರಾಕಿಗಳು. ಬಹಳ ಮಂದಿ ಉದ್ರಿ ಒಯ್ದು ಸುಗ್ಗಿಗೆ ತೀರಿಸುತ್ತಾರೆ. ನನ್ನ ಅಹವಾಲನ್ನು ಲಕೋಟೆಯಲ್ಲಿಟ್ಟು ತಮ್ಮ ಕಚೇರಿಗೆ ಕೊಟ್ಟು ಬರಬಹುದಿತ್ತು. ಆದರೆ ನಿಜವನ್ನು ನಾಲ್ಕು ಜನರೆದುರು ಹೇಳಿದ್ದಕ್ಕೇ ನನಗೆ ತೊಂದರೆ ಬಂದಿದೆ. ಹಾಗಾಗಿ ಅದರ ಪರಿಹಾರವನ್ನೂ ನಾಲ್ಕು ಜನರೆದುರೇ ಕೇಳುವುದು ಸರಿ ಎನಿಸಿತು.

ರಸಗೊಬ್ಬರ (ನಿಯಂತ್ರಣ) ಆದೇಶ 1985ರ ಪ್ರಕಾರ ಚಿಲ್ಲರೆ ಮಾರಾಟಗಾರ ಪ್ರತಿದಿನ ತನ್ನ ದಾಸ್ತಾನನ್ನೂ ದರವನ್ನೂ ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕು. ಹಾಕದಿದ್ದರೆ ತಪಾಸಣೆಗೆ ಬಂದವರು ನೋಟಿಸ್ ಕೊಡುತ್ತಾರೆ, ಕೊಡಬೇಕಾದದ್ದೇ. ನಾನು ದಿನಾ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಸೀಮೆಸುಣ್ಣ ಹಿಡಿದು ಅಂಗಡಿ ಹಲಗೆ ಮೇಲೆ ಬರೆಯುತ್ತೇನೆ. ಯೂರಿಯಾ 45 ಕೆಜಿ ಚೀಲ, 266 ರೂಪಾಯಿ 50 ಪೈಸೆ. ಡಿಎಪಿ 50 ಕೆಜಿ ಚೀಲ, 1350 ರೂಪಾಯಿ. ಇಷ್ಟು ಚೀಲ ಇದೆ, ಇಷ್ಟಿಲ್ಲ. 2025ರ ಮುಂಗಾರಿನಲ್ಲಿ ಅದರ ಕೆಳಗೆ ಇನ್ನೊಂದು ಮಾತು ಸೇರಿಸಿದೆ:

"ಸಗಟು ಕಡೆಯಿಂದ ಯೂರಿಯಾ ಜೊತೆ ನ್ಯಾನೊ ಬಾಟ್ಲಿ, ಬಕೆಟ್ ಲಿಂಕ್ ಹಾಕಿ ಕಳಿಸಿದ್ದಾರೆ. ಬೇಕಾದವರು ಮಾತ್ರ ಒಯ್ಯಿರಿ. ಬೇಡ ಅಂದವರಿಗೂ ಯೂರಿಯಾ ಕೊಡುತ್ತೇವೆ."

ನನ್ನ ಮೇಲೆ ಇರುವ ಆಪಾದನೆ ಇಷ್ಟೇ. ಕಂಪನಿಯ ಹೆಸರು ಬರೆಯಲಿಲ್ಲ, ಡಿಸ್ಟ್ರಿಬ್ಯೂಟರ್ ಹೆಸರು ಬರೆಯಲಿಲ್ಲ, ಯಾರನ್ನೂ ಕಳ್ಳರೆಂದು ಕರೆಯಲಿಲ್ಲ.

ಒಕ್ಕಲುತನ ಗೊತ್ತಿಲ್ಲದವರಿಗಾಗಿ ಲಿಂಕ್ ಎಂದರೇನು ಎಂದು ಹೇಳಬೇಕು. ಗೋವಿನಜೋಳ ಮೊಣಕಾಲೆತ್ತರ ಬಂದಾಗ ಯೂರಿಯಾ ಹಾಕಬೇಕು. ಮಳೆ ಬಿದ್ದು ಹಸಿ ಇರುವ ಆ ನಾಲ್ಕಾರು ದಿನಗಳಲ್ಲಿ ಸಿಗದಿದ್ದರೆ ಆಮೇಲೆ ಸಿಕ್ಕೂ ಪ್ರಯೋಜನವಿಲ್ಲ. ಊರಿಗೆ ಊರೇ ಒಂದೇ ವಾರದಲ್ಲಿ ಕೇಳುತ್ತದೆ. ಆ ವಾರದಲ್ಲಿ ನಾವು ಚಿಲ್ಲರೆಯವರು ಸಗಟಿನವರಿಗೆ ಲೋಡು ಕೇಳಿದರೆ, ಯೂರಿಯಾ ಕೊಡುತ್ತೇವೆ, ಅದರ ಜೊತೆ ಇವಿಷ್ಟನ್ನೂ ಇಳಿಸಿಕೊಳ್ಳಬೇಕು ಎನ್ನುತ್ತಾರೆ. ನನ್ನ ಹತ್ತಿರವಿರುವ ಬಿಲ್ಲಿನಲ್ಲಿ ಮೊದಲ ಸಾಲು ಯೂರಿಯಾ. ಎರಡನೆಯದು ನ್ಯಾನೊ ಯೂರಿಯಾ ಎಂಬ ದ್ರವ ಗೊಬ್ಬರದ ಅರ್ಧ ಲೀಟರಿನ ಬಾಟ್ಲಿಗಳ ಪೆಟ್ಟಿಗೆ. ಮೂರನೆಯದು ಬೇರಿಗೆ ಬಲ ಕೊಡುತ್ತದೆಂಬ ಕಪ್ಪು ಹರಳಿನ ಬಕೆಟ್. ಕೆಳಗಿನ ಎರಡನ್ನೂ ನಾನು ಕೇಳಿರಲಿಲ್ಲ. ಯೂರಿಯಾದಲ್ಲಿ ನಮಗೆ ಉಳಿಯುವುದು ಅಷ್ಟಕ್ಕಷ್ಟೇ, ಅದರಲ್ಲೇ ಬಾಡಿಗೆ, ಹಮಾಲಿ ನೋಡಿಕೊಳ್ಳಬೇಕು. ಲಿಂಕ್ ಸಾಮಾನಿನ ದುಡ್ಡನ್ನು ಮಾತ್ರ ಮುಂಗಡ ಕಟ್ಟಿರುತ್ತೇವೆ. ಅದನ್ನು ರೈತನ ಕೊರಳಿಗೆ ಕಟ್ಟದಿದ್ದರೆ ನಷ್ಟ ನಮ್ಮದು. ಆ ಬಾಟ್ಲಿ, ಬಕೆಟ್ಟುಗಳು ನನ್ನ ಹಿಂದಿನ ಕೋಣೆಯಲ್ಲಿ ಇಂದಿಗೂ ಹಾಗೇ ಇವೆ.

ನ್ಯಾನೊ ಯೂರಿಯಾ ಕೆಟ್ಟ ಸಾಮಾನು ಎಂದು ನಾನು ಹೇಳುತ್ತಿಲ್ಲ. 2021ರಲ್ಲಿ ಸರ್ಕಾರವೇ ಅದನ್ನು ನಿಯಂತ್ರಣ ಆದೇಶದೊಳಗೆ ಸೇರಿಸಿದೆ. ಬೇಕೆಂದು ಕೇಳಿ ಒಯ್ಯುವ ರೈತರೂ ನನಗಿದ್ದಾರೆ. ಅದು ನೀರಿನಲ್ಲಿ ಬೆರೆಸಿ ಎಲೆಗೆ ಹೊಡೆಯುವ ಗೊಬ್ಬರ. ಪಂಪು ಬೇಕು, ಹೊಡೆಯುವ ಆಳು ಬೇಕು. ಒಬ್ಬ ಅಜ್ಜಿ ಚೀಲಕ್ಕೆ ಬಂದಾಗ ನನ್ನ ಹುಡುಗ ವಾಡಿಕೆಯಂತೆ ಬಾಟ್ಲಿಯನ್ನೂ ಮುಂದಿಟ್ಟ. ಆಕೆ ಮಾರಾಟ ದಾಖಲಿಸುವ ಪಿಓಎಸ್ ಮಷಿನ್ನಿಗೆ ಹೆಬ್ಬೆಟ್ಟು ಒತ್ತಿ, ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಯಪ್ಪಾ, ಇದನ್ನ ಒಯ್ದು ನಾ ಏನ್ ಮಾಡ್ಲಿ? ನನ್ನತ್ರ ಪಂಪಿಲ್ಲ, ಹೊಡಿಯಾಕ ಮಗನೂ ಊರಾಗಿಲ್ಲ. ಗೊಬ್ರ ಅಷ್ಟ ಕೊಡ್ರಿ" ಎಂದಳು. ಆ ಬಾಟ್ಲಿಯ ದುಡ್ಡಿನಲ್ಲಿ ಆಕೆಗೆ ಇನ್ನೊಂದು ಚೀಲ ಯೂರಿಯಾಕ್ಕೆ ಹೆಚ್ಚುಕಡಿಮೆ ಸಾಕಾಗುತ್ತಿತ್ತು. ಆ ಬಾಟ್ಲಿ ಕಡ್ಡಾಯವಲ್ಲ ಎಂಬ ಸಂಗತಿ ನನಗೆ ಗೊತ್ತಿತ್ತು, ಆಕೆಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಹೇಳದಿದ್ದರೆ ಆಕೆಗೆ ಹೇಳುವವರು ಯಾರು? ಹಲಗೆ ಮೇಲೆ ಬರೆದದ್ದು ಆಮೇಲೆ.

ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಯಾರೋ ರೈತರು ಹಲಗೆಯ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಾಕಿದರು, ಅದು ಊರಿಂದ ಊರಿಗೆ ಹೋಯಿತು. ಸಗಟಿನವರ ಕಡೆಯಿಂದ ಫೋನು ಬಂತು, ಮೊದಲು ಅದನ್ನು ಅಳಿಸು ಎಂದರು. ಅಳಿಸಲಿಲ್ಲ. ಬರಬೇಕಾಗಿದ್ದ ಲೋಡು ಬರಲಿಲ್ಲ, ಕೇಳಿದರೆ ಸ್ಟಾಕ್ ಇಲ್ಲ ಎಂದರು, ಅದೇ ದಿನ ಪಕ್ಕದೂರಿನ ಅಂಗಡಿಗೆ ಲಾರಿ ಇಳಿದಿತ್ತು. ಬಳಿಕ ಬಂದದ್ದು "ಓ ಫಾರಂ ವಾಪಸ್ ತಗೊಳ್ಳಬೇಕಾಗುತ್ತದೆ" ಎಂಬ ಮಾತು. ಈ ದಂಧೆಯಲ್ಲಿ ಇರುವವರಿಗೆ ಅದರ ಅರ್ಥ ಗೊತ್ತು. ಓ ಫಾರಂ ಎಂದರೆ ಸರಕು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಸಗಟಿನವರೋ ಕಂಪನಿಯವರೋ ಕೊಡುವ ಪ್ರಮಾಣಪತ್ರ. ಅದಿಲ್ಲದೆ ಆ ಗೊಬ್ಬರವನ್ನು ನಾವು ಮಾರುವಂತಿಲ್ಲ. ಅನ್ನದ ತಟ್ಟೆಯನ್ನೇ ಎಳೆದುಕೊಳ್ಳುತ್ತೇವೆ ಎಂದ ಹಾಗೆ ಅದು.

ಆಮೇಲೆ ವಕೀಲರ ನೋಟಿಸ್ ಬಂತು. ನಾನು ಬರೆದದ್ದರಿಂದ ಕಕ್ಷಿದಾರರ ಮಾನಹಾನಿಯಾಗಿದೆ, ಬಹಿರಂಗವಾಗಿ ಕ್ಷಮೆ ಕೇಳಿ ನಷ್ಟ ತುಂಬಿಕೊಡಬೇಕು, ಇಲ್ಲವಾದರೆ ಸಿವಿಲ್ ಮತ್ತು ಕ್ರಿಮಿನಲ್ ಕೇಸು ಎಂದು ಅದರಲ್ಲಿತ್ತು. ಬರೆದದ್ದರಲ್ಲಿ ಯಾವುದು ಸುಳ್ಳು ಎಂದು ಎಲ್ಲೂ ಇರಲಿಲ್ಲ. ಕೊನೆಗೆ ಒಂದು ಠಾಣೆಯಿಂದ ಕರೆ ಬಂತು. ಹೋದೆ. ಲಿಖಿತ ದೂರು ಇದೆಯೇ ಎಂದು ಕೇಳಿದರೆ ಉತ್ತರವಿಲ್ಲ. "ಸೋಷಿಯಲ್ ಮೀಡಿಯಾ ಕೇಸ್ ಆಗತೈತಿ ನೋಡ್ರಿ, ಯಾಕ ಬೇಕು ನಿಮಗ? ಅಳಿಸಿ ಬಿಡ್ರಿ" ಎಂದರು. ಗದರಿಸಲಿಲ್ಲ, ಚಹಾ ಕೂಡ ತರಿಸಿದರು. ಆದರೆ ಬಿಳಿ ಅಂಗಿ ಹಾಕಿಕೊಂಡು ಮರ್ಯಾದೆಯಿಂದ ಬಾಳಿದ ವ್ಯಾಪಾರಿಯನ್ನು ಠಾಣೆ ಬೆಂಚಿನ ಮೇಲೆ ಕೂರಿಸಿದರೆ ಊರು ಏನು ಮಾತಾಡುತ್ತದೆ ಎಂಬುದು ಕರೆದವರಿಗೂ ಗೊತ್ತಿತ್ತು.

ಇಷ್ಟಾದ ಮೇಲೆ ಪರಿಚಯದ ವಕೀಲರೊಬ್ಬರ ಹತ್ತಿರ ಕೂತು ಕಾನೂನನ್ನು ಓದಿಸಿ ತಿಳಿದುಕೊಂಡೆ. ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ, ನನ್ನಂಥ ಇತರ ವ್ಯಾಪಾರಿಗಳಿಗೂ ಬೇಕಾಗುತ್ತದೆ.

ಸಂವಿಧಾನದ 19ನೇ ವಿಧಿಯ (1)(ಎ) ಉಪವಿಧಿ ಕೊಡುವ ವಾಕ್ ಸ್ವಾತಂತ್ರ್ಯ ಪತ್ರಕರ್ತರಿಗೆ, ರಾಜಕಾರಣಿಗಳಿಗೆ, ಸಾಹಿತಿಗಳಿಗೆ ಎಂದು ನಮ್ಮಂಥವರು ತಿಳಿದುಕೊಂಡಿದ್ದೇವೆ. ವ್ಯಾಪಾರದ ಮಾತಿಗೆ ಆ ರಕ್ಷಣೆ ಇದೆಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಮೊದಲೇ ಬಂದಿತ್ತು. ಹಮ್‌ದರ್ದ್ ದವಾಖಾನಾ ಪ್ರಕರಣದಲ್ಲಿ, 1959ರ ಕೊನೆಗೆ, ಕೆಲವು ಔಷಧಿಗಳ ಜಾಹೀರಾತನ್ನು ತಡೆಯುವ 1954ರ ಕಾಯ್ದೆಯ ವಿಚಾರಣೆಯಲ್ಲಿ, ಅಂಥ ಜಾಹೀರಾತು ಬರಿಯ ವ್ಯಾಪಾರ, ವಾಕ್ ಸ್ವಾತಂತ್ರ್ಯದ ಮಾತಲ್ಲ ಎಂದು ಕೋರ್ಟು ಹೇಳಿತು. ಆದರೆ ಅಲ್ಲಿಗೇ ನಿಲ್ಲಲಿಲ್ಲ. 1995ರಲ್ಲಿ ಟಾಟಾ ಪ್ರೆಸ್ ಪ್ರಕರಣ ಬಂತು. ವ್ಯಾಪಾರಿಗಳ ಜಾಹೀರಾತು ತುಂಬಿದ ಹಳದಿ ಪುಟಗಳ ಪುಸ್ತಕವನ್ನು ಖಾಸಗಿಯವರು ಅಚ್ಚು ಹಾಕಬಾರದು, ಅದು ತನ್ನೊಬ್ಬನ ಹಕ್ಕು ಎಂದು ಮಹಾನಗರ ಟೆಲಿಫೋನ್ ನಿಗಮ ವಾದಿಸಿತು. ವ್ಯಾಪಾರದ ಮಾತೂ ವಾಕ್ ಸ್ವಾತಂತ್ರ್ಯದ ಭಾಗವೇ ಎಂದು ಕೋರ್ಟು ತೀರ್ಪು ಕೊಟ್ಟಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು ಮಾತು. ವ್ಯಾಪಾರಿಗೆ ಹೇಳುವ ಹಕ್ಕಿರುವಂತೆ ಜನರಿಗೆ ಆ ಮಾತನ್ನು ಕೇಳಿಸಿಕೊಳ್ಳುವ ಹಕ್ಕೂ ಇದೆ, ಜೀವ ಉಳಿಸುವ ಔಷಧಿಯ ವಿವರ ಅದನ್ನು ಮಾರುವವನಿಗಿಂತ ಜನರಿಗೇ ಹೆಚ್ಚು ಬೇಕಾದದ್ದಿರಬಹುದು ಎಂದು ಕೋರ್ಟು ಹೇಳಿತು. ನನ್ನ ಹಲಗೆ ಮೇಲಿನ ಸಾಲು ನನಗಿಂತ ಆ ಅಜ್ಜಿಗೆ ಹೆಚ್ಚು ಬೇಕಾಗಿತ್ತು. ಅದನ್ನು ಅಳಿಸಿದರೆ ನನ್ನೊಬ್ಬನ ಹಕ್ಕು ಹೋಗುವುದಲ್ಲ, ಅಂಗಡಿ ಮೆಟ್ಟಿಲು ಹತ್ತುವ ಪ್ರತಿಯೊಬ್ಬ ರೈತನ ಹಕ್ಕು ಹೋಗುತ್ತದೆ.

ಅದೇ ತೀರ್ಪಿನಲ್ಲಿ, ಸುಳ್ಳು ಮತ್ತು ದಾರಿ ತಪ್ಪಿಸುವ ಜಾಹೀರಾತಿಗೆ ರಕ್ಷಣೆಯಿಲ್ಲ ಎಂದೂ ಇದೆ. ಅದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ನಮ್ಮ ಅಂಗಡಿಗಳ ಗೋಡೆಗಳನ್ನು ಒಮ್ಮೆ ನೋಡಬೇಕು ತಾವು. ಇಳುವರಿ ದುಪ್ಪಟ್ಟು, ಹೂ ಉದುರುವುದಿಲ್ಲ, ಒಂದೇ ಸಿಂಪಡಣೆಗೆ ಬೆಳೆ ಹಸಿರು ಎಂದು ಬಣ್ಣಬಣ್ಣದ ಬ್ಯಾನರುಗಳನ್ನು ಕಂಪನಿಯವರೇ ತಂದು ಹಚ್ಚಿ ಹೋಗುತ್ತಾರೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಆ ಬ್ಯಾನರುಗಳ ಬಗ್ಗೆ ಯಾರಿಗೂ ಠಾಣೆಯಿಂದ ಫೋನು ಬಂದದ್ದನ್ನು ನಾನು ಕಂಡಿಲ್ಲ. ಬಿಲ್ಲಿನಲ್ಲಿ ಇರುವುದನ್ನು ಸೀಮೆಸುಣ್ಣದಲ್ಲಿ ಬರೆದವನಿಗೆ ಬಂತು.

ಮಾನಹಾನಿಯ ವಿಷಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಅದನ್ನು ಅಪರಾಧವೆನ್ನುತ್ತದೆ, ಎರಡು ವರ್ಷದವರೆಗೆ ಸಾದಾ ಸಜೆ ಇದೆ. ಮಾನಹಾನಿ ಅಪರಾಧವಾಗಿ ಉಳಿಯಬಹುದು ಎಂದು 2016ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿದಿದೆ. ಯಾರ ಮಾನವನ್ನಾದರೂ ಸುಳ್ಳು ಹೇಳಿ ಕಳೆದರೆ ಶಿಕ್ಷೆ ಇರಲಿ, ನನ್ನ ತಕರಾರಿಲ್ಲ. ಆದರೆ ಅದೇ ಸೆಕ್ಷನ್ನಿಗೆ ಹತ್ತು ವಿನಾಯಿತಿಗಳಿವೆ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ನಿಜ ಮೊದಲನೆಯದು. ಕೇಳುವವರ ಒಳ್ಳೆಯದಕ್ಕೆ ಸದ್ಭಾವದಿಂದ ಕೊಟ್ಟ ಎಚ್ಚರಿಕೆ ಹತ್ತನೆಯದು. ಒಂಬತ್ತನೆಯದು ತನ್ನ ಅಥವಾ ಇನ್ನೊಬ್ಬರ ಹಿತ ಕಾಯಲು ಆಡಿದ ಮಾತಿಗೆ ಸಂಬಂಧಿಸಿದ್ದು. ಅದಕ್ಕೆ ಕಾನೂನು ಮಾಡಿದವರು ಕೊಟ್ಟಿರುವ ಉದಾಹರಣೆಯೇ ಒಬ್ಬ ಅಂಗಡಿಯವನದು: ಇಂಥವನು ರೊಕ್ಕ ಎಣಿಸಿದರೆ ಮಾತ್ರ ಸಾಮಾನು ಕೊಡು, ಅವನ ಪ್ರಾಮಾಣಿಕತೆ ಮೇಲೆ ನನಗೆ ಭರವಸೆ ಇಲ್ಲ ಎಂದು ಆತ ತನ್ನ ವ್ಯವಹಾರ ನೋಡಿಕೊಳ್ಳುವವನಿಗೆ ಸದ್ಭಾವದಿಂದ ಹೇಳಿದರೆ ಅದು ಅಪರಾಧವಲ್ಲ. 1860ರ ದಂಡ ಸಂಹಿತೆಯಲ್ಲೇ ಇದ್ದ ಉದಾಹರಣೆ ಇದು, ಹೊಸ ಸಂಹಿತೆಯಲ್ಲೂ ಉಳಿದಿದೆ. ಇದನ್ನು ಓದಿಸಿಕೊಂಡ ದಿನ ನನಗೆ ಬಹಳ ಧೈರ್ಯ ಬಂತು.

ಮಾನಹಾನಿ ಅಸಂಜ್ಞೇಯ ಅಪರಾಧ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಸೆಕ್ಷನ್ ಪ್ರಕಾರ ಅಂಥದ್ದನ್ನು ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ನೊಂದವರು ನೇರ ನ್ಯಾಯಾಲಯಕ್ಕೆ ಹೋಗಬೇಕು. ಇನ್ನು ಸೋಷಿಯಲ್ ಮೀಡಿಯಾ ಕೇಸ್ ಎಂದು ಹೆದರಿಸುವುದಕ್ಕೆ ಹಿಂದೆ ಬಳಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟು 2015ರ ಮಾರ್ಚಿನಲ್ಲೇ ರದ್ದು ಮಾಡಿದೆ. ಹೀಗಿರುವಾಗ ದೂರು ಇಲ್ಲದೆ, ನೋಟಿಸ್ ಇಲ್ಲದೆ ವ್ಯಾಪಾರಿಯನ್ನು ಠಾಣೆಗೆ ಕರೆಸಿ ಅಳಿಸು ಎನ್ನುವುದಕ್ಕೆ ಆಧಾರ ಯಾವುದು?

ಸಗಟಿನವರು ಸರ್ಕಾರವಲ್ಲವಲ್ಲ, ಅವರ ಸರಕು ಅವರು ಬೇಕಾದವರಿಗೆ ಕೊಡುತ್ತಾರೆ ಎಂದು ನನಗೆ ಬುದ್ಧಿ ಹೇಳಿದವರಿದ್ದಾರೆ. 19ನೇ ವಿಧಿಯ ಹಕ್ಕನ್ನು ಸರ್ಕಾರವಲ್ಲದವರ ವಿರುದ್ಧವೂ ಜಾರಿ ಮಾಡಿಸಬಹುದು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಬಹುಮತದಿಂದ ಹೇಳಿದೆ. ಅದನ್ನು ಬದಿಗಿಟ್ಟರೂ, ಯೂರಿಯಾ ಯಾರದೋ ಸ್ವಂತ ಸರಕಿನ ಹಾಗೆ ಅಲ್ಲ. ಅಗತ್ಯ ವಸ್ತುಗಳ ಕಾಯ್ದೆಯ ಕೆಳಗೆ ಬರುವ ಸಾಮಾನು ಅದು, ಬೆಲೆ ಕಟ್ಟುವುದು ಸರ್ಕಾರ, ಸಬ್ಸಿಡಿ ಕೊಡುವುದು ಜನರ ತೆರಿಗೆ. ಜನರ ದುಡ್ಡಿನಲ್ಲಿ ಅಗ್ಗವಾದ ಚೀಲವನ್ನು ತೋರಿಸಿ ಬೇಡದ ಬಾಟ್ಲಿ ಮಾರುವುದೂ, ಆ ಸಂಗತಿಯನ್ನು ಯಾರೂ ಎತ್ತದಂತೆ ಬಾಯಿ ಕಟ್ಟುವುದೂ ಖಾಸಗಿ ವ್ಯವಹಾರವಾಗುವುದಿಲ್ಲ. ಒಂದು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂಬ ಕರಾರು ಸ್ಪರ್ಧೆಗೆ ಧಕ್ಕೆ ತರುವಂತಿದ್ದರೆ 2002ರ ಸ್ಪರ್ಧಾ ಕಾಯ್ದೆಗೂ ವಿರುದ್ಧ. ನಾನು ಹಲಗೆ ಬರೆದ ಅದೇ ಮುಂಗಾರಿನಲ್ಲಿ, 2025ರ ಜುಲೈನಲ್ಲಿ, ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರು ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಸಬ್ಸಿಡಿ ಗೊಬ್ಬರದ ಜೊತೆ ನ್ಯಾನೊ ಗೊಬ್ಬರ, ಬೆಳೆಗೆ ಬಲ ಕೊಡುತ್ತವೆಂದು ಮಾರುವ ಜೈವಿಕ ಉತ್ತೇಜಕಗಳನ್ನು ಒತ್ತಾಯದಿಂದ ಜೋಡಿಸುವುದನ್ನು ನಿಲ್ಲಿಸಿ ಎಂದರು. ಸಚಿವರು ನಿಲ್ಲಿಸಿ ಎಂದದ್ದನ್ನು, ಅದು ನನ್ನ ಅಂಗಡಿಯಲ್ಲಿ ನಡೆಯುತ್ತಿದೆ ಎಂದು ಹೇಳಿದ್ದು ನನ್ನ ತಪ್ಪಾಯಿತೇ?

ಆ ಜುಲೈಯನ್ನು ಕೊಪ್ಪಳದವರು ಮರೆತಿರಲಾರರು. ಯೂರಿಯಾ ಸಿಗದೆ ನಮ್ಮದೇ ಜಿಲ್ಲೆಯ ರೈತರೊಬ್ಬರು ಮಣ್ಣು ತಿಂದು ಸಂಕಟ ತೋಡಿಕೊಂಡದ್ದನ್ನು ನಾಡೆಲ್ಲ ನೋಡಿತು. ಅಂಗಡಿಗಳ ಮುಂದೆ ನಸುಕಿನಿಂದಲೇ ಪಾಳಿ. ಆಗ ರೈತರ ಸಿಟ್ಟೆಲ್ಲ ಬಿದ್ದದ್ದು ನಮ್ಮ ಮೇಲೆ, ದಾಸ್ತಾನು ಬಚ್ಚಿಟ್ಟಿದ್ದಾರೆ, ಬಾಟ್ಲಿ ಹಚ್ಚಿ ಸುಲಿಯುತ್ತಾರೆ ಎಂದು. ವ್ಯಾಪಾರಿ ಬಂಧುಗಳೇ, ನಿಮಗೆ ಹೇಳುವುದು ಇದನ್ನೇ. ನಮ್ಮಲ್ಲೂ ಬಚ್ಚಿಟ್ಟವರು ಇರಬಹುದು, ಅವರ ಪರ ನಾನಿಲ್ಲ. ಆದರೆ ಉಳಿದವರು ಬೈಗುಳ ತಿಂದದ್ದು ಎಲ್ಲಿಂದ ಏನು ಬಂತು ಎಂದು ಹೇಳದೆ ಸುಮ್ಮನಿದ್ದದ್ದಕ್ಕೆ. ನಾವು ಬಾಯಿ ಮುಚ್ಚಿಕೊಂಡಷ್ಟೂ ರೈತ ನಮ್ಮನ್ನು ಕಳ್ಳನ ಪಾಲುದಾರ ಎಂದೇ ನೋಡುತ್ತಾನೆ. ಒಬ್ಬ ಬರೆದರೆ ಅವನ ಲೋಡು ನಿಲ್ಲಿಸಬಹುದು, ತಾಲ್ಲೂಕಿನವರೆಲ್ಲ ಬರೆದರೆ ಯಾರ ಲೋಡು ನಿಲ್ಲಿಸುತ್ತಾರೆ? ನನ್ನ ಹಲಗೆ ನೋಡಿ ರಾತ್ರಿ ಹೊತ್ತು ಫೋನು ಮಾಡಿ "ಚಲೋ ಕೆಲಸ ಮಾಡೀರಿ ಅಣ್ಣಾವ್ರ" ಎಂದವರಲ್ಲಿ ಅರ್ಧದಷ್ಟು ಮಂದಿ ಅದೇ ಸಾಲನ್ನು ತಮ್ಮ ಹಲಗೆ ಮೇಲೆ ಬರೆದಿದ್ದರೂ ನಾನು ಈ ಪತ್ರ ಬರೆಯಬೇಕಾಗುತ್ತಿರಲಿಲ್ಲ.

ಮಾನ್ಯ ಜಿಲ್ಲಾಧಿಕಾರಿಗಳೇ, ತಮ್ಮಲ್ಲಿ ನಾನು ಕೇಳಿಕೊಳ್ಳುವುದು ನನ್ನೊಬ್ಬನ ಲೋಡನ್ನಲ್ಲ. ಕಾಯ್ದೆ ಈಗಾಗಲೇ ಬರೆಸುತ್ತಿರುವ ದರದ ಹಲಗೆಯಲ್ಲೇ "ಯೂರಿಯಾ, ಡಿಎಪಿ ಜೊತೆ ಬೇರೆ ಯಾವ ಸಾಮಾನನ್ನೂ ಕೊಳ್ಳಬೇಕಾಗಿಲ್ಲ" ಎಂಬ ಸಾಲನ್ನು ಪ್ರತಿ ಅಂಗಡಿಯವರೂ ಬರೆಯಬೇಕೆಂದು ಕೃಷಿ ಇಲಾಖೆಯಿಂದ ಸೂಚನೆ ಹೊರಡಿಸಬೇಕು. ಎಲ್ಲರೂ ಬರೆದಾಗ ಬರೆದವನನ್ನು ಹೆಕ್ಕಿ ಶಿಕ್ಷಿಸಲು ಆಗುವುದಿಲ್ಲ. ಲಿಂಕ್ ಬಗ್ಗೆ ಮಾತಾಡಿದ ಅಥವಾ ಬಿಲ್ಲು ತೋರಿಸಿದ ಕಾರಣಕ್ಕೆ ಯಾರ ಓ ಫಾರಂ ಆದರೂ ವಾಪಸ್ ಪಡೆದರೆ, ಸರಬರಾಜು ನಿಂತರೆ, ಪರವಾನಗಿ ಕೊಡುವ ಅಧಿಕಾರಿಗಳು ಸಗಟಿನವರಿಂದ ಬರಹದಲ್ಲಿ ಕಾರಣ ಕೇಳಬೇಕು. ಆ ವಿಚಾರಣೆ ಮುಗಿಯುವತನಕ ನಮ್ಮ ಹೋಬಳಿಯ ರೈತರಿಗೆ ಗೊಬ್ಬರ ತಪ್ಪದಂತೆ ಬೇರೆ ಕಡೆಯಿಂದ ವ್ಯವಸ್ಥೆಯಾಗಬೇಕು. ವ್ಯಾಪಾರದ ಸತ್ಯ ಹೇಳಿದ್ದಕ್ಕೆ ವ್ಯಾಪಾರಿಗಳನ್ನಾಗಲಿ, ಫೋಟೋ ಹಂಚಿದ ರೈತರನ್ನಾಗಲಿ ಲಿಖಿತ ದೂರು ಮತ್ತು ಕಾನೂನುಬದ್ಧ ನೋಟಿಸ್ ಇಲ್ಲದೆ ಠಾಣೆಗೆ ಕರೆಸಬಾರದು ಎಂದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳೊಂದಿಗೆ ತಾವು ಮಾತಾಡಬೇಕು. ಮುಂಗಾರಿಗೆ ಮುಂಚಿನ ಗೊಬ್ಬರದ ಸಭೆಗೆ ಕಂಪನಿಯವರನ್ನೂ ಸಗಟಿನವರನ್ನೂ ಕರೆಯುತ್ತೀರಿ. ಹೋಬಳಿ ಮಟ್ಟದ ಚಿಲ್ಲರೆ ವ್ಯಾಪಾರಿಗಳನ್ನೂ ರೈತರನ್ನೂ ಕೂರಿಸಿ, ಅವರೆದುರು ನಮಗೆ ಮಾತಾಡಲು ಬಿಡಿ.

ನನ್ನ ಬಿಲ್ಲುಗಳು, ವಕೀಲರ ನೋಟಿಸ್, ಹಲಗೆಯ ಫೋಟೋ ಎಲ್ಲವೂ ನನ್ನ ಹತ್ತಿರ ಇವೆ. ತಾವು ಹೇಳಿದ ದಿನ, ಹೇಳಿದ ಕಚೇರಿಗೆ ತಂದು ಒಪ್ಪಿಸುತ್ತೇನೆ. ನಾನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿದೆ ಎಂದು ಯಾರಾದರೂ ಬಿಲ್ಲು ಮುಂದಿಟ್ಟು ತೋರಿಸಿಕೊಟ್ಟರೆ ಅದೇ ಹಲಗೆ ಮೇಲೆ ಕ್ಷಮೆ ಕೇಳಿ ಬರೆಯುತ್ತೇನೆ. ಅಲ್ಲಿಯವರೆಗೆ ಅಳಿಸುವುದಿಲ್ಲ. ಮುಂಗಾರು ಹತ್ತಿರ ಬರುತ್ತಿದೆ, ಬಿತ್ತನೆ ಶುರುವಾಗುವ ಮೊದಲೇ ತಮ್ಮ ಉತ್ತರ ಬರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಚಿಲ್ಲರೆ ರಸಗೊಬ್ಬರ ಮಾರಾಟಗಾರ,
ಯಲಬುರ್ಗಾ ತಾಲ್ಲೂಕು, ಕೊಪ್ಪಳ ಜಿಲ್ಲೆ